ಬ್ಲೌಸ್ ಅಳತೆ ಬೇರೆ, ಬ್ರಾ ಅಳತೆ ಬೇರೆ

ಅಂಗಡಿಗೆ ಹೋಗಿ "36 ಕೊಡಿ" ಅಂತ ಮೆತ್ತಗೆ ಕೇಳಿ, ಹಾಕಿ ನೋಡದೆ ತಂದುಬಿಡುವವರೇ ಜಾಸ್ತಿ. ಆ 36 ಎಲ್ಲಿಂದ ಬಂತು ಅಂತ ನೋಡಿದರೆ ಎಷ್ಟೋ ಸಲ ಅದು ಟೈಲರ್ ಬರೆದುಕೊಂಡ ಬ್ಲೌಸ್ ಅಳತೆ. ಟೈಲರ್ ಟೇಪು ಸುತ್ತುವುದು ಎದೆಯ ಮೇಲೆ. ಬ್ರಾದ ನಂಬರ್ ಹೊರಡುವುದು ಎದೆಯ ಕೆಳಗಿನ ಸುತ್ತಳತೆಯಿಂದ. ಎಷ್ಟೋ ಬ್ರಾಗಳ ಟ್ಯಾಗ್‌ನಲ್ಲಿ 34ರ ಜೊತೆ 75 ಅಂತಲೂ ಇರುತ್ತದೆ, ನೋಡಿ. ಆ 75 ಅಂದರೆ ಸೆಂಟಿಮೀಟರ್, ಎದೆಯ ಕೆಳಗಿನದು.

ಹಾಗಾಗಿ ಟೇಪಿನ ಸೆಂಟಿಮೀಟರ್ ಇರುವ ಬದಿಯಲ್ಲೇ ಅಳೆಯಿರಿ. ಪ್ಯಾಡ್ ಇಲ್ಲದ ತೆಳು ಬ್ರಾ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ. ಉಸಿರು ಬಿಟ್ಟು, ಎದೆಯ ಕೆಳಗೆ ಟೇಪನ್ನು ಬಿಗಿಯಾಗಿ ಸುತ್ತಿ. ಬೆನ್ನ ಕಡೆ ಟೇಪು ಮೇಲೆ ಕೆಳಗೆ ಆಗಬಾರದು. 68ರಿಂದ 72 ಬಂದರೆ 32, 73ರಿಂದ 77ಕ್ಕೆ 34, 78ರಿಂದ 82ಕ್ಕೆ 36, 83ರಿಂದ 87ಕ್ಕೆ 38.

ಆಮೇಲೆ ಎದೆ ತುಂಬಿರುವ ಕಡೆ ಒತ್ತದೆ ಅಳೆಯಿರಿ. ಎದೆ ಜೋತಿದ್ದರೆ ಸ್ವಲ್ಪ ಮುಂದೆ ಬಗ್ಗಿ ಅಳೆಯುವುದು ಒಳ್ಳೆಯದು. ಇದರಲ್ಲಿ ಮೊದಲ ಅಳತೆ ಕಳೆಯಿರಿ. ಈ ವ್ಯತ್ಯಾಸವೇ ಕಪ್ಪಿನ ಅಕ್ಷರ ಹೇಳುತ್ತದೆ: 12–14 ಇದ್ದರೆ ಎ, 14–16 ಬಿ, 16–18 ಸಿ, 18–20 ಡಿ. ಕೆಳಗೆ 74, ಮೇಲೆ 91 ಬಂತು ಅಂದುಕೊಳ್ಳಿ, ವ್ಯತ್ಯಾಸ 17, ಅಂದರೆ 34ಸಿ. 91 ಅಂದರೆ ಹೆಚ್ಚುಕಡಿಮೆ 36 ಇಂಚು, ಟೈಲರ್ ಲೆಕ್ಕದಲ್ಲಿ ಇವರದ್ದು 36ರ ಬ್ಲೌಸ್! ಕಂಪನಿಯಿಂದ ಕಂಪನಿಗೆ ಚಾರ್ಟ್ ಬದಲಾಗುತ್ತದೆ, ಆನ್‌ಲೈನ್‌ನಲ್ಲಿ ತರಿಸುವ ಮುಂಚೆ ಅವರ ಚಾರ್ಟ್ ನೋಡಿಕೊಳ್ಳಿ.

ಲೆಕ್ಕ ಅಷ್ಟೇ, ಆದರೆ ಕೊನೆಯ ಮಾತು ಮೈಯದು. ಹೊಸ ಬ್ರಾದ ಹುಕ್ಕನ್ನು ಅತಿ ಸಡಿಲದ ಸಾಲಿಗೆ ಹಾಕಿ ನೋಡಿ, ಯಾಕೆಂದರೆ ಒಗೆದು ಒಗೆದು ಎಲಾಸ್ಟಿಕ್ ಹಿಗ್ಗಿದ ಮೇಲೆ ಒಳಗಿನ ಸಾಲುಗಳು ಬೇಕಾಗುತ್ತವೆ. ಕೈ ಎತ್ತಿ. ಬೆನ್ನಿನ ಪಟ್ಟಿ ಮೇಲೆ ಏರಿದರೆ ಅದು ದೊಡ್ಡದು. ಎದೆಯ ಭಾರ ಹೊರಬೇಕಾದ್ದು ಈ ಪಟ್ಟಿ. ಅದು ಸಡಿಲವಾದರೆ ಭಾರವೆಲ್ಲ ಸ್ಟ್ರಾಪಿಗೆ ಬಿದ್ದು ಭುಜದಲ್ಲಿ ಕೆಂಪು ಗೆರೆ ಮೂಡುತ್ತದೆ, ಆಗ ಸುಮ್ನೆ ಸ್ಟ್ರಾಪ್ ಎಳೆದೆಳೆದು ಬಿಗಿ ಮಾಡಿದರೆ ನೋವು ಜಾಸ್ತಿಯಾಗುತ್ತದೆ ಅಷ್ಟೇ. ಮೇಲಿನಿಂದಲೋ ಕಂಕುಳ ಕಡೆಯಿಂದಲೋ ಎದೆ ಉಕ್ಕಿ ಬಂದರೆ ಕಪ್ ಸಾಲದು. ಬಟ್ಟೆ ಸುಕ್ಕಾಗಿ ನಿಂತರೆ ಕಪ್ ದೊಡ್ಡದು. ವೈರ್ ಇದ್ದರೆ ಅದು ಪಕ್ಕೆಲುಬಿನ ಮೇಲೆ ಕೂರಬೇಕು, ಎದೆಯನ್ನು ಚುಚ್ಚಬಾರದು.

ಕಪ್ ಸರಿಯಿದ್ದು ಪಟ್ಟಿ ಮಾತ್ರ ಸಡಿಲ ಅನಿಸಿದರೆ ನಂಬರ್ ಇಳಿಸಿ, ಅಕ್ಷರ ಏರಿಸಿ. 34ಬಿ ಬದಲು 32ಸಿ. ಬಿಗಿಯಾದರೆ 36ಎ. ಮೂರರ ಕಪ್ಪೂ ಹೆಚ್ಚುಕಡಿಮೆ ಒಂದೇ ಗಾತ್ರದ್ದು.

ಮುಟ್ಟಿನ ಮುಂಚಿನ ದಿನಗಳಲ್ಲಿ ಎದೆ ಊದಿಕೊಳ್ಳುವವರು ಆಗ ಅಳೆಯುವುದು ಬೇಡ. ಬಸಿರು, ಬಾಣಂತನದಲ್ಲಿ ಮತ್ತು ತೂಕ ಏರಿಳಿದಾಗ ಹಳೆಯ ನಂಬರ್ ಬಿಟ್ಟು ಮತ್ತೆ ಟೇಪು ತೆಗೆಯಿರಿ.