ಏಳು ಜನಕ್ಕೆ ಗಿಟ್ ಹಿಡಿಸಿದ್ದು: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ನಮ್ಮದು ಸಣ್ಣ ಆಫೀಸು. ಏಳು ಜನ ಪ್ರೋಗ್ರಾಮರ್‌ಗಳು, ಕಾಫಿ ತೋಟಗಳ ಕೂಲಿ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತೇವೆ. ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಟ್ಟು, ಬೇಕೆಂದಾಗ ಹಳೆಯದಕ್ಕೆ ಮರಳಲು ಬಿಡುವ ಟೂಲು ಗಿಟ್. ‘ಇವರು ಗಿಟ್‌ಗೆ ಬರೋ ಪೈಕಿ ಅಲ್ಲ, ಬಿಟ್ಟುಬಿಡಿ’ ಅಂದವರೇ ಹೆಚ್ಚು. ಈಗ ಏಳಕ್ಕೆ ಏಳೂ ಜನ ನಾನು ಹೇಳದೆಯೇ ಬಳಸುತ್ತಾರೆ.

ಮೊದಲು ಕಳೆದ ದುಡ್ಡಿನ ಲೆಕ್ಕ. ಬೆಂಗಳೂರಿಂದ ಟ್ರೈನರ್ ಒಬ್ಬರನ್ನು ಕರೆಸಿದೆ. ಎರಡು ದಿನಕ್ಕೆ ಫೀಸು, ರೂಮು, ಊಟ ಸೇರಿ 40 ಸಾವಿರದ ಹತ್ತಿರ. ಪಾಠ ಚೆನ್ನಾಗಿಯೇ ಇತ್ತು. ಹದಿನೈದು ದಿನ ಬಿಟ್ಟು ನೋಡಿದರೆ ಬಳಸುತ್ತಿದ್ದವನು ಒಬ್ಬನೇ. ಉಳಿದವರು ಮತ್ತೆ ಪೆನ್‌ಡ್ರೈವು, ಜಿಪ್ ಫೋಲ್ಡರು. ಕಮ್ಯಾಂಡ್ ಕಷ್ಟ ಅಂದರು, ಬಟನ್ ಒತ್ತುವ ಟೂಲಿನ ಲೈಸೆನ್ಸಿಗೆ ಇನ್ನೊಂದು 20 ಸಾವಿರ ಚಿಲ್ಲರೆ ಹೋಯಿತು. ಕೊನೆಗೆ ಸಿಟ್ಟಿನಲ್ಲಿ ‘ದಿನಕ್ಕೊಂದು ಕಮಿಟ್ ಕಡ್ಡಾಯ’ ಅಂದೆ (ಕಮಿಟ್ ಅಂದರೆ ಆವರೆಗಿನ ಬದಲಾವಣೆಗಳನ್ನು ಒಂದು ಸಂದೇಶದ ಜೊತೆ ಗಿಟ್‌ನಲ್ಲಿ ದಾಖಲಿಸುವುದು). ನಾನು ಮಾಡಿದ ದೊಡ್ಡ ತಪ್ಪು ಅದು.

ಜನವರಿ, ರೋಬಸ್ಟಾ ಕೊಯ್ಲಿನ ಸಮಯ. ಮೂಡಿಗೆರೆ ಕಡೆಯ ತೋಟದ ರೈಟರ್ (ಲೆಕ್ಕ ಬರೆಯುವವರು) ಫೋನ್ ಮಾಡಿದರು: ಕೊಯ್ದ ಹಣ್ಣಿನ ತೂಕದಲ್ಲಿ ಅರ್ಧ ಕೆಜಿಗಳು ಲೆಕ್ಕಕ್ಕೇ ಬರುತ್ತಿಲ್ಲ. ದಿನವಿಡೀ ಬುಟ್ಟಿ ಕಟ್ಟಿಕೊಂಡು ದುಡಿದವರ ಕೂಲಿ ಅದು. ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತಾ ತಪ್ಪು ಹೊಕ್ಕ ಜಾಗ ಹುಡುಕುವ ಗಿಟ್ ಬೈಸೆಕ್ಟ್ ಹಾಕಿದೆ. ಇದ್ದದ್ದು ಸುಮಾರು 400 ಕಮಿಟ್. ಒಂಬತ್ತನೇ ಸಲ ಅರ್ಧ ಮಾಡುವಷ್ಟರಲ್ಲಿ ತಪ್ಪು ಹೊಕ್ಕ ಕಮಿಟ್ ಸಿಕ್ಕಿತು. ಅದರ ಸಂದೇಶ ‘ಇವತ್ತಿನ ಕೆಲಸ’. ಒಳಗೆ ಅರವತ್ತು ಫೈಲು! ನನ್ನ ‘ಕಡ್ಡಾಯ’ಕ್ಕೆ ದಿನದ ಕೆಲಸವನ್ನೆಲ್ಲ ಒಂದೇ ಗಂಟು ಕಟ್ಟಿದ್ದರು. ಎರಡು ರಾತ್ರಿ ಕೂತು ಒಂದೊಂದೇ ಬಿಡಿಸಿದೆವು. ಬಟವಾಡೆ ತಡವಾಯಿತು, ವರ್ಷದ ಬಿಲ್ಲಿನಲ್ಲಿ 12 ಸಾವಿರ ಬಿಟ್ಟುಕೊಟ್ಟೆ.

ಅವತ್ತಿಂದ ಕ್ಲಾಸು ಬಂದ್. ವಾರಕ್ಕೆ ಒಬ್ಬರು, ಬೆಳಿಗ್ಗೆ 40 ನಿಮಿಷ, ಅವರದೇ ಮೆಷೀನು, ಅವರು ಆ ವಾರ ಒದ್ದಾಡುತ್ತಿರುವ ಕೋಡು. ಕೀಬೋರ್ಡ್ ನಾನು ಮುಟ್ಟುವುದಿಲ್ಲ. ಮೊದಲ ದಿನ ಬ್ರಾಂಚ್ (ಕೋಡಿನ ಬೇರೆ ಕವಲು) ಇಲ್ಲ, ಮರ್ಜ್ (ಕವಲುಗಳನ್ನು ಕೂಡಿಸುವುದು) ಇಲ್ಲ. ಅವರ ಕೈಯಲ್ಲೇ ಮೂರು ಕಮಿಟ್ ಮಾಡಿಸಿ, ಕೋಡನ್ನು ಹಿಂದಿನ ಸ್ಥಿತಿಗೆ ಎಳೆದೊಯ್ಯುವ ರೀಸೆಟ್ ಹಾರ್ಡ್ ಕಮ್ಯಾಂಡ್ ಕೊಡಿಸಿ ಮೂರನ್ನೂ ಹಾರಿಸಿಬಿಡುತ್ತೇನೆ. ಮುಖ ಬಿಳಿಚಿಕೊಳ್ಳುತ್ತದೆ. ಆಮೇಲೆ ರಿಫ್ಲಾಗ್ (ಹಿಂದೆ ಯಾವ ಯಾವ ಕಮಿಟ್‌ನಲ್ಲಿ ಇದ್ದೆವು ಅಂತ ಗಿಟ್ ಇಟ್ಟುಕೊಳ್ಳುವ ದಿನಚರಿ) ತೆಗೆಸಿ ವಾಪಸ್ ತರಿಸುತ್ತೇನೆ. ಕೋಡ್ ಕಳಕೊಳ್ಳುವ ಭಯವೇ ಇವರನ್ನು ಪೆನ್‌ಡ್ರೈವಿಗೆ ಕಟ್ಟಿಹಾಕಿತ್ತು ಅಂತ ನನಗೆ ಅರ್ಥವಾದದ್ದು ಆಗಲೇ. ಕಮಿಟ್ ಮಾಡದ ಬದಲಾವಣೆ ಹೀಗೆ ಸಿಗುವುದಿಲ್ಲ ಅನ್ನುವುದನ್ನೂ ಅಲ್ಲೇ ತೋರಿಸುತ್ತೇನೆ. ಸಣ್ಣ ಸಣ್ಣ ಕಮಿಟ್ ತಾನಾಗಿ ಶುರುವಾಗುತ್ತದೆ. ರೀಬೇಸ್ (ಕಮಿಟ್‌ಗಳನ್ನು ಹೊಸ ಬುಡದ ಮೇಲೆ ಮತ್ತೆ ಜೋಡಿಸುವುದು) ಮಾತು ಮೂರು ತಿಂಗಳ ನಂತರ. ಯಾರ ಹತ್ತಿರ ಮೊದಲು ಕೂರಬೇಕು ಅನ್ನುವುದನ್ನು ಹೇಗೆ ಆರಿಸುತ್ತೇನೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಆಷಾಢದ ಮಳೆಯೂ ನನ್ನ ಪರವಾಗಿ ನಿಂತಿತು. ಕರೆಂಟು ಹೋಗಿ ನೆಟ್ ಸತ್ತರೂ ಲ್ಯಾಪ್‌ಟಾಪಿನಲ್ಲೇ ಕಮಿಟ್ ಆಗುತ್ತದೆ, ನೆಟ್ ಬಂದಾಗ ಪುಶ್ ಮಾಡಿದರಾಯಿತು, ಅಂದರೆ ಸರ್ವರಿಗೆ ಕಳಿಸಿದರಾಯಿತು. ಸರ್ವರ್ ಇಲ್ಲದೆ ಕಮಿಟ್ಟೇ ಆಗದ ಎಸ್‌ವಿಎನ್ (ಗಿಟ್‌ಗಿಂತ ಹಳೆಯ, ಇಂಥದೇ ಟೂಲು) ಕಂಡಿದ್ದ ನಮ್ಮ ಹಿರಿಯರೊಬ್ಬರು ಇದನ್ನು ನೋಡಿಯೇ ಒಪ್ಪಿದ್ದು.

ನಡುವೆ ಕನ್ನಡದಲ್ಲೇ ಕಮಿಟ್ ಸಂದೇಶ ಬರೆಸಿ ನೋಡಿದೆ. ‘ಅರ್ಧ ಕೆಜಿ ಸರಿಮಾಡಿದೆ’ ಅಂತಿದ್ದರೆ ಯಾರಿಗಾದರೂ ತಿಳಿಯುತ್ತದೆ. ಆದರೆ ಕಮ್ಯಾಂಡ್ ಟೈಪ್ ಮಾಡುವ ವಿಂಡೋಸ್ ಟರ್ಮಿನಲ್ಲಿನಲ್ಲಿ ಒತ್ತಕ್ಷರ ಚೂರುಚೂರು, ಕನ್ನಡ ಹೆಸರಿನ ಫೈಲುಗಳ ಜಾಗದಲ್ಲಿ 340, 262 ಅಂತ ಅಂಕಿಗಳ ಸಾಲು. ಇಂಥ ಅಕ್ಷರಗಳನ್ನು ಅಂಕಿಯಾಗಿ ತೋರಿಸುವ ಗಿಟ್‌ನ ಕೋರ್ ಕೋಟ್‌ಪಾತ್ (core.quotepath) ಸೆಟ್ಟಿಂಗನ್ನು ಫಾಲ್ಸ್ ಮಾಡಿದ ಮೇಲೆ ಫೈಲ್ ಹೆಸರು ಸರಿಹೋಯಿತು, ಒತ್ತಕ್ಷರ ಹೋಗಲಿಲ್ಲ. ಎಡಿಟರ್‌ನೊಳಗೆ ಲಾಗ್ (ಕಮಿಟ್‌ಗಳ ಪಟ್ಟಿ) ನೋಡುವವರು ಇವತ್ತಿಗೂ ಕನ್ನಡದಲ್ಲೇ ಬರೆಯುತ್ತಾರೆ, ನನಗದು ಖುಷಿ.

ಏಳು ಜನ ಮುಗಿಯಲು ಎರಡು ತಿಂಗಳು ಹಿಡಿಯಿತು. ಖರ್ಚು ನನ್ನ ಬೆಳಗಿನ ಹೊತ್ತು ಮತ್ತು ಕಾಫಿ. ಹೋದ ತಿಂಗಳು ಸೇರಿದ ಹುಡುಗಿಗೆ ರಿಫ್ಲಾಗ್ ತೋರಿಸಿದ್ದು ನಾನಲ್ಲ, ಆ ಹಿರಿಯರೇ. ಮುಂದಿನ ಸೋಮವಾರದಿಂದ ಆಟೋಮೇಟೆಡ್ ಟೆಸ್ಟ್, ಅಂದರೆ ಕೋಡನ್ನು ತಾನಾಗಿ ಪರೀಕ್ಷಿಸುವ ಕೋಡು. ಆ ಅರ್ಧ ಕೆಜಿಯ ಲೆಕ್ಕವೇ ಮೊದಲ ಟೆಸ್ಟ್.