ಮಷೀನ್ ಬಿಟ್ಟೆ, ಹಲಗೆ ಹಿಡಿದೆ

ಶಿವಮೊಗ್ಗದಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುತ್ತೇನೆ. ಹೆಚ್ಚಿನವರು 70 ದಾಟಿದವರು. "ಮಷೀನ್ ಇಲ್ದೆ ಹೋದ್ರೆ ಯಾರು ದುಡ್ಡು ಕೊಡ್ತಾರೆ ಮಾರಾಯ?" ಎನ್ನುತ್ತಿದ್ದ ಗೆಳೆಯರೇ ಈಗ ಫೋನ್ ಮಾಡಿ ಹಲಗೆಯ ಅಳತೆ ಕೇಳುತ್ತಾರೆ.

ನೋವು ತಗ್ಗಿಸಲು ಮೈಗೆ ಸಣ್ಣ ಕರೆಂಟ್ ಹರಿಸುವ ಐಎಫ್‌ಟಿ ಮಷೀನಿಗೆ ₹15,000 ಸುರಿದಿದ್ದೆ. ಹಚ್ಚಿದಷ್ಟು ಹೊತ್ತು ಹಾಯೆನಿಸುತ್ತಿತ್ತು, ಮಂಚ ಬಿಟ್ಟು ಏಳುತ್ತಿರಲಿಲ್ಲ. ವಾಕರ್ ಕೊಡಿಸಿದರೆ ಹಳೇ ಮನೆಗಳ ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತಿತ್ತು. ಸ್ವಲ್ಪ ದಿನಕ್ಕೇ ಅದರ ಮೇಲೆ ಟವೆಲ್ ಒಣಗುತ್ತಿತ್ತು.

ಕೈಹಿಡಿದದ್ದು ಕುರ್ಚಿಯಿಂದ ಏಳುವ ಅಭ್ಯಾಸ. ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಬೇಡವೇ ಬೇಡ. ಸೀಟು ಎತ್ತರವಾದಷ್ಟೂ ಏಳುವುದು ಸುಲಭ, ಅದಕ್ಕೇ ಸೀಟಿನ ಮೇಲೆ ಇಂಚು ದಪ್ಪದ 3-4 ಹಲಗೆ ಜಾರದಂತೆ ಕಟ್ಟಿ. ಕೈ ಊರದೆ ಐದು ಸಲ ಎದ್ದರೆ ಒಂದು ಹಲಗೆ ತೆಗೆಯಿರಿ. ಬಡಗಿಗೆ ಕೊಟ್ಟದ್ದು ಸುಮಾರು ₹700. ಹಟಮಾರಿ ಅಜ್ಜಂದಿರನ್ನು ಒಪ್ಪಿಸೋಕೆ ನನ್ನದೊಂದು ಉಪಾಯ ಇದೆ, ಅದನ್ನು ಮಾತ್ರ ಇಲ್ಲಿ ಬರೆಯಲ್ಲ.

ಧಾರಾವಾಹಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಏಳಿ ಎಂದೂ ನೋಡಿದೆ. ಅಜ್ಜಿಯರಿಗೆ ಒಗ್ಗಿತು, ಕ್ರಿಕೆಟ್ ನೋಡುವ ಅಜ್ಜಂದಿರಿಗೆ ಇಲ್ಲ. ರಾತ್ರಿ ಎಡವದಿರಲಿ ಎಂದು ಹೊಸ್ತಿಲಿಗೆ ರೇಡಿಯಂ ಟೇಪ್ ಅಂಟಿಸಿದೆ. ಶುಕ್ರವಾರ ಹೊಸ್ತಿಲು ತೊಳೆದು ಅರಿಶಿನ ಹಚ್ಚುವಾಗ ಕಿತ್ತುಬಂತು. ಈಗ ಒಂದು ಗೇಣು ಈಚೆಗೆ, ನೆಲಕ್ಕೇ ಅಂಟಿಸುತ್ತೇನೆ.

ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಹೊತ್ತು ಬೇಕೆಂದು ನೋಡುವ ಪರೀಕ್ಷೆಗೆ ಟಗ್ ಎನ್ನುತ್ತೇವೆ. ಒಬ್ಬ ಅಜ್ಜಿಯ ಟಗ್ ಮೂರು ತಿಂಗಳಲ್ಲಿ 35 ಸೆಕೆಂಡಿನಿಂದ 16ರ ಆಸುಪಾಸಿಗೆ ಇಳಿಯಿತು. ಮೊದಲು ಅವರಿಗೆ ಆಸ್ಪತ್ರೆ ಅಂದರೆ ಮಧ್ಯರಾತ್ರಿ ಕಾರು, ಅಡ್ಮಿಷನ್, ಸಾವಿರಾರು ರೂಪಾಯಿ ಬಿಲ್ಲು. ಈಗ ಆಟೋ ಸ್ಟ್ಯಾಂಡಿನವರೆಗೆ ನಡೆದು ಹೋಗಿ ಶುಗರ್ ನೋಡಿಸಿಕೊಂಡು ಬರುತ್ತಾರೆ. ಮುಂದೂಡುತ್ತಲೇ ಇದ್ದ ಕಣ್ಣಿನ ಪೊರೆಯ ಆಪರೇಷನ್ನೂ ಆಯಿತು. "ಅಮ್ಮ ಆಸ್ಪತ್ರೆಗೆ ಹೋಗೋದೇ ಜಾಸ್ತಿ ಆಯ್ತಲ್ಲ ಸಾರ್?" ಎಂದು ಮಗಳು ಕೇಳಿದರು. "ನಮಗೆ ಬೇಕಾಗಿದ್ದೂ ಅದೇ ಅಲ್ವಾಮ್ಮ?" ಎಂದೆ.

2024ರಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ವಿಸ್ತರಿಸಿತು. ಅದು ಅಡ್ಮಿಟ್ ಆದವರಿಗೆ. ಮನೆಗೆ ಬಂದು ಎಬ್ಬಿಸಿ ನಡೆಸುವವರ ಫೀಸು ಮನೆಯವರ ಜೇಬಿನಿಂದಲೇ. ಹಾಗಾಗಿ ವಾರಕ್ಕೆ ಮೂರರ ಬದಲು ಒಂದೇ ಭೇಟಿ, ₹400. ಉಳಿದ ದಿನ ಸೊಸೆಯೋ ಮೊಮ್ಮಗನೋ ಪಕ್ಕದಲ್ಲಿ ನಿಂತು ಎಣಿಸುತ್ತಾರೆ. ಒಂದು ಮನೆಯ ಗಳಿಕೆ ಇಳಿಯಿತು, ಮನೆಗಳು ದುಪ್ಪಟ್ಟಾದವು.

ಎದ್ದ ಕೂಡಲೇ ತಲೆ ತಿರುಗುತ್ತದೆ ಎನ್ನುವವರಿಗೆ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡದೆ ಶುರು ಮಾಡಬೇಡಿ. ಕೆಲವು ಪ್ರಾಸ್ಟೇಟ್ ಮಾತ್ರೆಗಳಿಂದಲೂ ಎದ್ದಾಗ ಬಿಪಿ ಇಳಿಯಬಹುದು, ಅವನ್ನು ತಿನ್ನುವ ಅಜ್ಜಂದಿರಿದ್ದರೆ ಮೊದಲು ಡಾಕ್ಟರ ಹತ್ತಿರ ಮಾತಾಡಿ.