ಬಗ್ಗಿಸಿ, ತಿರುಚಿ, ಸೀಳಿ: ಮೂಳೆಯ ಬಿರುಕನ್ನು ಓದುವ ಬಗೆ

ಮೂಳೆಯ ಪಾಠಕ್ಕೆ ನಾನು ಚಾರ್ಟ್ ತೂಗುಹಾಕುವುದಿಲ್ಲ. ಎರಡು ಸೀಮೆಸುಣ್ಣ, ಒಂದು ತುಂಡು ಸೌದೆ, ಕೋಳಿ ಅಂಗಡಿಯಿಂದ ತಂದ ಮೂರು ಹಸಿ ಕಾಲಿನ ಮೂಳೆ ಇದ್ದರೆ ನನ್ನ ಎಂಟನೇ ತರಗತಿಗೆ ಸಾಕು. ಸಾರಿನಲ್ಲಿ ಬೆಂದ ಮೂಳೆ ಬೇಡ. ಅದರ ನಾರಿನಂಶ ಒಂದಿಷ್ಟು ಆಗಲೇ ಸಾರಿಗೆ ಇಳಿದಿರುತ್ತದೆ.

ಮಾಂಸ ಕೆರೆದು, ಒಂದು ಮೂಳೆಯನ್ನು ವಿನೆಗರಿನಲ್ಲಿ ಮುಳುಗಿಸಿಡಿ. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿ. ವಾರ ಕಳೆಯುವ ಹೊತ್ತಿಗೆ ಖನಿಜ ಕರಗಿ ಅದು ರಬ್ಬರಿನಂತೆ ಬಾಗುತ್ತದೆ. ಇನ್ನೊಂದನ್ನು ಅಂಗಳದ ಒಲೆಯ ಕೆಂಡದಲ್ಲಿ ಬೆಳ್ಳಗಾಗುವವರೆಗೆ ಸುಡಿ. (ಮನೆಯೊಳಗೆ ಸುಟ್ಟು ಒಮ್ಮೆ ಚೆನ್ನಾಗಿ ಬೈಸಿಕೊಂಡಿದ್ದೇನೆ.) ಕೊಲಾಜನ್ ಎಂಬ ನಾರು ಉರಿದುಹೋದ ಆ ಮೂಳೆ ಹಿಸುಕಿದರೆ ಪುಡಿಯಾಗುತ್ತದೆ. ನಮ್ಮ ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಖನಿಜ, ಉಳಿದದ್ದು ನಾರು ಮತ್ತು ನೀರು. ಗಡಸುತನ ಖನಿಜದ್ದು; ಬಿರುಕನ್ನು ತಡೆದು ನಿಲ್ಲಿಸುವುದರಲ್ಲಿ ನಾರಿನ ಪಾಲು ದೊಡ್ಡದು.

ಈಗ ಸೀಮೆಸುಣ್ಣ. ಒಂದನ್ನು ಬಗ್ಗಿಸಿ, ಅಡ್ಡಕ್ಕೆ ನೇರವಾಗಿ ಮುರಿಯುತ್ತದೆ. ಇನ್ನೊಂದನ್ನು ಬಟ್ಟೆ ಹಿಂಡುವಂತೆ, ಆದರೆ ಬಗ್ಗದ ಹಾಗೆ, ತಿರುಚಿ. ಮುರಿದ ಅಂಚು ಸುಮಾರು 45 ಡಿಗ್ರಿ ಓರೆಯಾಗಿ ಸುರುಳಿ ಸುತ್ತಿರುತ್ತದೆ. ತಿರುಚಿದಾಗ ಎಳೆತ ಹೆಚ್ಚು ಬೀಳುವುದು ಆ ಓರೆಯಲ್ಲೇ.

ಇದೇ ಸುರುಳಿಯನ್ನು ನನ್ನ ಎಕ್ಸ್-ರೇಯಲ್ಲೂ ಕಂಡಿದ್ದೇನೆ. ಅಡಿಕೆ ತೋಟದ ಕಾಲುವೆಯಲ್ಲಿ ಪಾದ ಸಿಕ್ಕಿಕೊಂಡಿತು, ಮೈ ಮಾತ್ರ ತಿರುಗಿತು. ಮೊಣಕಾಲಿನ ಕೆಳಗಿನ ದಪ್ಪ ಮೂಳೆಗೆ ಬಿರುಕು ಬಳ್ಳಿಯಂತೆ ಸುತ್ತಿಕೊಂಡಿತ್ತು. ಕೈ ಮಣಿಸುವ ಪಂದ್ಯದಲ್ಲಿ ತೋಳಿನ ಮೂಳೆ ಮುರಿಯುವುದೂ ಹೀಗೆಯೇ. ಹಿಂದಿನ ಬೆಂಚಿನವರಿಗೆ ಇದನ್ನು ಎರಡು ಸಲ ಹೇಳುತ್ತೇನೆ.

ತೊಡೆಯ ಮೂಳೆಯ ಗಟ್ಟಿ ಭಾಗವನ್ನು ಉದ್ದಕ್ಕೆ ಒತ್ತಿದರೆ ಚದರ ಸೆಂಟಿಮೀಟರಿಗೆ ಸುಮಾರು 2000 ಕಿಲೋ ಭಾರ ತಡೆಯುತ್ತದೆ. ಎಳೆದರೆ 1300ರಷ್ಟು. ಪದರದ ಮೇಲೆ ಪದರ ಜಾರಿಸುವ ಬಲಕ್ಕಾದರೆ 700ರ ಆಸುಪಾಸಿಗೇ ಸೋಲುತ್ತದೆ. ಬಗ್ಗಿದ ಮೂಳೆ ಉಬ್ಬಿದ ಬದಿಯಲ್ಲಿ, ಅಂದರೆ ಎಳೆತ ಬೀಳುವ ಕಡೆ, ಮೊದಲು ಬಿರಿಯುವುದು ಇದರಿಂದಲೇ. ಮಕ್ಕಳಲ್ಲಿ ಕೆಲವೊಮ್ಮೆ ಅಲ್ಲಿಗೇ ನಿಲ್ಲುತ್ತದೆ, ಹಸಿ ಕಡ್ಡಿಯಂತೆ ಇನ್ನೊಂದು ಬದಿ ಬಾಗಿ ಉಳಿಯುತ್ತದೆ.

ಇನ್ನು ಸೌದೆ. ಕೊಡಲಿಯನ್ನು ಉದ್ದಕ್ಕೆ ಹಾಕಿದರೆ ಸೀಳುತ್ತದೆ, ಅಡ್ಡಕ್ಕೆ ಹಾಕಿದರೆ ಕೈ ಸೋಲುತ್ತದೆ. ಗಟ್ಟಿ ಮೂಳೆಯೊಳಗೂ ಸುಮಾರು 0.2 ಮಿಲಿಮೀಟರ್ ದಪ್ಪದ ಕೊಳವೆಗಳು ಉದ್ದಕ್ಕೆ ಹೆಣೆದುಕೊಂಡಿವೆ. ಇವೇ ಆಸ್ಟಿಯಾನ್‌ಗಳು. ಅಡ್ಡ ಬರುವ ಬಿರುಕು ಕೊಳವೆಯ ಅಂಚು ಸಿಕ್ಕಲ್ಲೆಲ್ಲ ಪಕ್ಕಕ್ಕೆ ತಿರುಗಿ, ಅಂಕುಡೊಂಕಾಗಿ ಸಾಗಿ ಕಸುವು ಕಳೆದುಕೊಳ್ಳುತ್ತದೆ. ಉದ್ದಕ್ಕೆ ಹೋಗುವ ಬಿರುಕಿಗಾದರೆ ಆ ಅಂಚೇ ದಾರಿ. ತಿರುಚಿದ ಮೂಳೆಯಲ್ಲಿ ಬಿರುಕು ಓರೆಯಾಗಿ ಆ ಸುಲಭದ ದಾರಿ ಹಿಡಿಯುತ್ತದೆ.

ಉಳಿದ ಮೂರನೇ ಮೂಳೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಮುರಿಯಿರಿ. ಮುರಿದ ಅಂಚನ್ನು ಸೀಮೆಸುಣ್ಣದ ಅಂಚಿನ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಚೂರುಗಳನ್ನು ನಾಯಿಗೆ ಹಾಕಬೇಡಿ, ಗಂಟಲಿಗೆ ಚುಚ್ಚುತ್ತವೆ.